ತಲೆನೋವಿನ ಗುಳಿಗೆ ಮತ್ತು ಚಾಲಕನ ಎಚ್ಚರ
1903ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಮತ್ತು ಜೋಸೆಫ್ ಫಾನ್ ಮೇರಿಂಗ್ ಅವರು ಬಾರ್ಬಿಟಾಲ್ ಎಂಬ ನಿದ್ರಾಜನಕವನ್ನು ಪರಿಚಯಿಸಿದ ಬಳಿಕ, ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ಬಾರ್ಬಿಚುರೇಟ್ ವರ್ಗದ ಔಷಧಗಳು ವೈದ್ಯರ ಬಳಕೆಗೆ ಬಂದವು. ಇದೇ ವರ್ಗದ ಬ್ಯುಟಾಲ್ಬಿಟಾಲ್ ಮುಂದೆ ಅಮೆರಿಕದಲ್ಲಿ ಆಸ್ಪಿರಿನ್ ಮತ್ತು ಕೆಫೀನ್‌ಗಳೊಡನೆ ಬೆರೆತು, ಸ್ನಾಯುಗಳ ಬಿಗಿತದಿಂದ ಬರುವ ತಲೆನೋವಿಗೆ ಗುಳಿಗೆಯಾಯಿತು. ಅರೆತಲೆನೋವನ್ನು ತಡೆಯಲು ಕೊಡುವ ಅಮಿಟ್ರಿಪ್ಟಿಲಿನ್ ಮತ್ತು ಫ್ಲುನಾರಿಜಿನ್ ಬೇರೆ ವರ್ಗಗಳಿಗೆ ಸೇರಿದ್ದರೂ, ಮಿದುಳನ್ನು ಎಚ್ಚರವಾಗಿಡುವ ಹಿಸ್ಟಮಿನ್ ಎಂಬ ರಾಸಾಯನಿಕಕ್ಕೆ ತಡೆಯೊಡ್ಡಿ ಮಂಪರು ತರುತ್ತವೆ.

ಮಂಪರಿನಿಂದ ಚಾಲಕನ ಪ್ರತಿಕ್ರಿಯೆ ಅರ್ಧ ಸೆಕೆಂಡು ತಡವಾದರೆ, ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಅಷ್ಟರಲ್ಲೇ ಎಂಟು ಮೀಟರಿಗೂ ಹೆಚ್ಚು ಮುಂದೆ ಸಾಗಿರುತ್ತದೆ. ಈ ಅಪಾಯವನ್ನು ಕಾನೂನು ಹಂತಹಂತವಾಗಿ ಗುರುತಿಸಿತು. ಬ್ರಿಟನ್ನಿನ 1930ರ ರಸ್ತೆ ಸಂಚಾರ ಕಾಯ್ದೆಯು ಮದ್ಯದ ಜೊತೆಗೆ ಔಷಧದ ಅಮಲಿನಲ್ಲಿ ವಾಹನ ನಡೆಸುವುದನ್ನೂ ಅಪರಾಧವೆಂದು ಸಾರಿತು. ಫ್ರಾನ್ಸ್ 2005ರಲ್ಲಿ ಅಪಾಯದ ಪ್ರಮಾಣವನ್ನು ಹಳದಿ, ಕಿತ್ತಳೆ, ಕೆಂಪು ಎಂಬ ಮೂರು ಹಂತಗಳಲ್ಲಿ ತೋರುವ ಚಿತ್ರಸಂಕೇತಗಳನ್ನು ಔಷಧದ ಪೊಟ್ಟಣಗಳ ಮೇಲೆ ಕಡ್ಡಾಯಗೊಳಿಸಿತು. ಭಾರತದ 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮು ರಕ್ತದಲ್ಲಿನ ಮದ್ಯಕ್ಕೆ 100 ಮಿಲಿಲೀಟರಿಗೆ 30 ಮಿಲಿಗ್ರಾಮಿನ ಮಿತಿಯನ್ನು ವಿಧಿಸಿತಾದರೂ, ಔಷಧದ ವಿಷಯದಲ್ಲಿ ವಾಹನದ ಮೇಲಿನ ಹತೋಟಿ ತಪ್ಪುವುದನ್ನೇ ಅಳತೆಗೋಲಾಗಿ ಇಟ್ಟುಕೊಂಡಿತು. ಗುಳಿಗೆಯನ್ನು ವೈದ್ಯರೇ ಬರೆದುಕೊಟ್ಟಿದ್ದರೂ, ಮಂಪರು ಇಳಿಯುವವರೆಗೆ ಸ್ಟಿಯರಿಂಗ್ ಹಿಡಿಯದಿರುವ ಹೊಣೆ ಚಾಲಕನದೇ.