ಸ್ಟೀರಾಯ್ಡ್-ಆಂಟಿಬಯಾಟಿಕ್ ಮುಲಾಮು: ತುರಿಕೆ ನಿಂತರೆ ರೋಗ ಹೋದಂತಲ್ಲ

ಚರ್ಮ ಕೆಂಪಾಗಿ ತುರಿಸತೊಡಗಿದರೆ ವೈದ್ಯರ ಬಳಿಗೆ ಹೋಗುವ ಬದಲು ಔಷಧ ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತರುವುದು ಹಲವರ ರೂಢಿ. ಅನೇಕ ವೇಳೆ ಆ ಟ್ಯೂಬಿನಲ್ಲಿ ಸ್ಟೀರಾಯ್ಡ್ ಮತ್ತು ಆಂಟಿಬಯಾಟಿಕ್ ಎರಡೂ ಬೆರೆತಿರುತ್ತವೆ. ಹಚ್ಚಿದ ಕೆಲವೇ ದಿನಗಳಲ್ಲಿ ತುರಿಕೆ ಶಮನವಾಗುತ್ತದೆ. ಆದರೆ ಅಷ್ಟರಿಂದಲೇ ರೋಗ ವಾಸಿಯಾಯಿತೆಂದು ಭಾವಿಸುವಂತಿಲ್ಲ.

ಎರಡು ಔಷಧ, ಎರಡು ಕೆಲಸ

ಚರ್ಮದ ಉರಿಯೂತ, ಕೆಂಪು ಹಾಗೂ ತುರಿಕೆಯನ್ನು ತಗ್ಗಿಸುವುದು ಸ್ಟೀರಾಯ್ಡ್‌ನ ಕೆಲಸ. ಇವುಗಳಲ್ಲಿ ಹೈಡ್ರೋಕಾರ್ಟಿಸೋನ್ ಸೌಮ್ಯವಾದುದು. ಬೀಟಾಮೆಥಸೋನ್ ವ್ಯಾಲರೇಟ್ ಪ್ರಬಲ. ಕ್ಲೋಬೆಟಸಾಲ್ ಅತಿ ಪ್ರಬಲ. ಫ್ಯುಸಿಡಿಕ್ ಆಮ್ಲ, ನಿಯೋಮೈಸಿನ್ ಮೊದಲಾದ ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಾವನ್ನು ಎದುರಿಸುತ್ತವೆ.

ಇಸುಬು ಇರುವ ಜಾಗವನ್ನು ಕೆರೆದಾಗ ಚರ್ಮ ಬಿರಿದು ಬ್ಯಾಕ್ಟೀರಿಯಾ ಒಳಸೇರುತ್ತದೆ. ನೀರು ಒಸರುವುದು, ಹಳದಿ ಹಕ್ಕಳೆ ಕಟ್ಟುವುದು, ಕೀವು, ನೋವು ಇದರ ಲಕ್ಷಣಗಳು. ಉರಿಯೂತ ಮತ್ತು ಸೋಂಕು ಹೀಗೆ ಒಂದೇ ಕಡೆ ಸೇರಿದಾಗ ಮಾತ್ರ ಈ ಜೋಡಿ ಮುಲಾಮಿಗೆ ಅರ್ಥವಿದೆ. ಸೋಂಕಿಲ್ಲದ ಇಸುಬಿಗೆ ಆಂಟಿಬಯಾಟಿಕ್ ಅನಗತ್ಯ. ಅನಗತ್ಯ ಬಳಕೆಯಿಂದ ಬ್ಯಾಕ್ಟೀರಿಯಾ ಆ ಔಷಧಕ್ಕೆ ಬಗ್ಗದಂತಾಗುತ್ತದೆ. ನಿಯೋಮೈಸಿನ್‌ನಿಂದ ಕೆಲವರಿಗೆ ಅಲರ್ಜಿಯೂ ಉಂಟಾಗುತ್ತದೆ.

ಹಚ್ಚಬಾರದ ಸಂದರ್ಭಗಳು

ಹುಳುಕಡ್ಡಿ ಶಿಲೀಂಧ್ರದಿಂದ ಬರುವ ರೋಗ. ಅದಕ್ಕೆ ಸ್ಟೀರಾಯ್ಡ್ ಹಚ್ಚಿದರೆ ಕೆಂಪು, ತುರಿಕೆ ತಾತ್ಕಾಲಿಕವಾಗಿ ಕಡಿಮೆಯಾಗುತ್ತವೆ. ಶಿಲೀಂಧ್ರ ಮಾತ್ರ ಹರಡುತ್ತಲೇ ಇರುತ್ತದೆ. ಕಲೆಯ ಸ್ವರೂಪವೇ ಬದಲಾಗುವುದರಿಂದ ವೈದ್ಯರಿಗೂ ರೋಗವನ್ನು ಗುರುತಿಸುವುದು ಕಷ್ಟವಾಗುತ್ತದೆ. ಸರ್ಪಸುತ್ತಿನಂತಹ ವೈರಸ್ ಸೋಂಕು ಹಾಗೂ ಮೊಡವೆಗಳಿಗೂ ಇದು ಸಲ್ಲದು.

ಮುಖ ಬೆಳ್ಳಗಾಗುತ್ತದೆಂದು ಸ್ಟೀರಾಯ್ಡ್ ಕ್ರೀಮ್ ಹಚ್ಚುವ ಅಭ್ಯಾಸವಂತೂ ಅಪಾಯಕಾರಿ. ದೀರ್ಘಕಾಲ ಬಳಸಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಎದ್ದು ಕಾಣುತ್ತವೆ. ನಿಲ್ಲಿಸಿದೊಡನೆ ಉರಿ, ಕೆಂಪು ಮರುಕಳಿಸುವುದರಿಂದ ಮತ್ತೆ ಅದನ್ನೇ ಹಚ್ಚುವಂತಾಗುತ್ತದೆ. ಕಣ್ಣಿನ ಸುತ್ತ ಬಳಸಿದರೆ ಗ್ಲಾಕೋಮಾ ಹಾಗೂ ಕಣ್ಣಿನ ಪೊರೆಯ ಭಯವಿದೆ.

ಬಳಕೆ ಹೇಗೆ?

ವೈದ್ಯರು ಬರೆದುಕೊಟ್ಟಷ್ಟು ಸಲ, ಬಾಧಿತ ಜಾಗಕ್ಕೆ ಮಾತ್ರ ತೆಳುವಾಗಿ ಲೇಪಿಸಬೇಕು. ವಯಸ್ಕರ ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ತೂಗುತ್ತದೆ. ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಸಾಮಾನ್ಯವಾಗಿ ಈ ಜೋಡಿ ಮುಲಾಮಿನ ಬಳಕೆ ಎರಡು ವಾರ ಮೀರಬಾರದು. ಒಂದು ವಾರದಲ್ಲಿ ಗುಣ ಕಾಣದಿದ್ದರೆ ಮತ್ತೆ ವೈದ್ಯರಿಗೆ ತೋರಿಸಬೇಕು. ಹಚ್ಚಿದ ಜಾಗಕ್ಕೆ ಬಿಗಿಯಾಗಿ ಪಟ್ಟಿ ಕಟ್ಟಿದರೆ ಔಷಧ ಹೆಚ್ಚಾಗಿ ದೇಹ ಸೇರುತ್ತದೆ. ಮಕ್ಕಳ ಡಯಾಪರ್ ಕೂಡ ಇದೇ ಪರಿಣಾಮ ಬೀರುವುದರಿಂದ ಶಿಶುಗಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ.

ಕಾನೂನು ಏನು ಹೇಳುತ್ತದೆ?

ಕೇಂದ್ರ ಆರೋಗ್ಯ ಸಚಿವಾಲಯವು 2018ರ ಮಾರ್ಚ್‌ನಲ್ಲಿ, ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ಅಧಿಸೂಚನೆ ಹೊರಡಿಸಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ 328 ಸಂಯೋಜಿತ ಔಷಧಗಳನ್ನು ನಿಷೇಧಿಸಿತು. ಸ್ಟೀರಾಯ್ಡ್, ಆಂಟಿಬಯಾಟಿಕ್, ಶಿಲೀಂಧ್ರನಾಶಕಗಳನ್ನು ಒಟ್ಟಿಗೆ ಬೆರೆಸಿದ ಮುಲಾಮುಗಳೂ ಆ ಪಟ್ಟಿಯಲ್ಲಿದ್ದವು.

ಕೊಳ್ಳುವವರು ಟ್ಯೂಬಿನ ಮೇಲಿನ ಔಷಧಗಳ ಹೆಸರನ್ನು ಓದುವುದು ಒಳಿತು. ಬಹುಕಾಲದಿಂದ ಹಚ್ಚುತ್ತಿರುವವರು ತಾವೇ ಥಟ್ಟನೆ ನಿಲ್ಲಿಸದೆ ಚರ್ಮರೋಗ ತಜ್ಞರನ್ನು ಕಾಣಬೇಕು. ಒಬ್ಬರಿಗೆ ಬರೆದುಕೊಟ್ಟು ಮಿಕ್ಕ ಟ್ಯೂಬನ್ನು ಮನೆಯ ಇನ್ನೊಬ್ಬರಿಗೆ ಹಚ್ಚಬಾರದು. ನೋಡಲು ಒಂದೇ ತೆರನಾದ ಎರಡು ಕಲೆಗಳ ಹಿಂದೆ ಬೇರೆ ಬೇರೆ ರೋಗಗಳಿರಬಹುದು.