ಲಿಪಿಕಾರರೂ ಅವರ ಸಲಕರಣೆಗಳೂ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯಲ್ಲಿ ಮಸ್ಕಿಯೆಂಬ ಊರಿರುವುದನ್ನೂ, ಅಲ್ಲಿಯ ದುರ್ಗದ ಗುಡ್ಡದ ಒಂದು ಹೆಬ್ಬಂಡೆಯ ಮೇಲೆ ಅಶೋಕ ಚಕ್ರವರ್ತಿಯ ಧರ್ಮಲಿಪಿಯಿರುವುದನ್ನೂ ನಮ್ಮ ಸೀಮೆಯ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ವಿದ್ವಾಂಸನು ಬ್ರಾಹ್ಮೀಲಿಪಿಯ ಗುಟ್ಟನ್ನು ಬಿಡಿಸಿದನು. ಆದರೆ ಅಂದು ಬೆಳಕಿಗೆ ಬಂದಿದ್ದ ಶಾಸನಗಳಲ್ಲಿ ಅರಸನು ‘ದೇವಾನಂಪಿಯ’ನೆಂದೂ ‘ಪಿಯದಸಿ’ಯೆಂದೂ ಕರೆದುಕೊಂಡಿದ್ದನೇ ಹೊರತು ತನ್ನ ಹೆಸರನ್ನು ಹೇಳಿರಲಿಲ್ಲ. ಆತನೇ ಅಶೋಕನೆಂಬ ನಿರ್ಣಯವು ಸಿಂಹಳದ ಗ್ರಂಥಗಳ ಆಧಾರದ ಮೇಲೆ ನಿಂತಿತ್ತು. 1915ರ ಜನವರಿಯಲ್ಲಿ ಚಿನ್ನದ ಗಣಿಯ ಇಂಜಿನಿಯರರಾಗಿದ್ದ ಬೀಡನ್ ಎಂಬವರಿಗೆ ಮಸ್ಕಿಯ ಬಂಡೆಯು ಕಣ್ಣಿಗೆ ಬಿದ್ದು, ಅದನ್ನು ಹೆಚ್. ಕೃಷ್ಣಶಾಸ್ತ್ರಿಗಳು ಓದಿ ಅದೇ ವರ್ಷ ಪ್ರಕಟಿಸಿದ ಮೇಲೆ ‘ಅಸೋಕ’ ಎಂಬ ಮೂರಕ್ಷರಗಳು ಲೋಕಕ್ಕೆ ದೊರೆತುವು. ಇಷ್ಟನ್ನು ಶಾಲೆಯ ಹುಡುಗರೂ ಬಲ್ಲರು. ನಾನೂ ಇಷ್ಟನ್ನೇ ಮೂವತ್ತು ವರ್ಷ ಹೇಳಿಕೊಟ್ಟೆನು. ಆ ಮೂರಕ್ಷರಗಳನ್ನು ಕೆತ್ತಿದವನು ಯಾರು ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಕೇಳಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಆತನು ಈಗ ಸಿಂಧನೂರಿನಲ್ಲಿ ಗಣಕಯಂತ್ರವನ್ನಿಟ್ಟುಕೊಂಡು ಅಕ್ಕಿ ಗಿರಣಿಗಳ ಚೀಲಗಳಿಗೆ ಚಿತ್ರ, ಮದುವೆಯ ಕರೆಯೋಲೆ, ಅಂಗಡಿಗಳ ನಾಮಫಲಕ ಇವನ್ನು ರಚಿಸಿಕೊಡುತ್ತಾನೆ. ಯಾರ ಕೈಕೆಳಗಿನ ನೌಕರಿಯೂ ಅಲ್ಲ, ತಿಂಗಳ ಸಂಬಳವೂ ಇಲ್ಲ. ಕೆಲಸ ಬಂದರೆ ಕೂಲಿ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ನಾಲೆಯ ನೀರು ಹರಿದಮೇಲೆ ಸಿಂಧನೂರು ಭತ್ತದ ಊರಾಯಿತು. ಗಿರಣಿಗಳು ಹೆಚ್ಚಿದಂತೆ ಒಂದೊಂದು ಗಿರಣಿಗೂ ತನ್ನದೇ ಛಾಪು ಬೇಕಾಯಿತು. ಆದುದರಿಂದ ಇವನಿಗೆ ಕೆಲಸಕ್ಕೆ ಕೊರತೆಯಿಲ್ಲ. ಹಣಕ್ಕೆ ಮಾತ್ರ ಕೊರತೆ. “ಸರ, ಚೀಲ ಹೊಲಿಯೋರಿಗೆ ರೊಕ್ಕ ಐತಿ, ಛಾಪು ಹೊಡಿಯೋರಿಗೆ ರೊಕ್ಕ ಐತಿ. ಅಕ್ಷರ ಬರದವಗ ಮಾತ್ರ ‘ಅದೇನ್ ಮಹಾ ಕೆಲಸ’ ಅಂತಾರ್ರಿ. ನಮ್ಮಂಥೋರು ಹಿಂದ ಯಾರರ ಇದ್ದರೇನ್ರಿ?” ಎಂದು ಆತನು ಕೇಳಿದನು. ಈ ಲೇಖನವು ಆ ಪ್ರಶ್ನೆಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಇದ್ದರು. ಅವರಲ್ಲಿ ಒಬ್ಬನ ಹೆಸರು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನಿಂದ ನಮ್ಮ ನಾಡಿನಲ್ಲಿಯೇ ಉಳಿದುಬಂದಿದೆ. ಮಸ್ಕಿಯ ಬಂಡೆಯು ಲಿಪಿಕಾರನ ಹೆಸರನ್ನು ಹೇಳುವುದಿಲ್ಲ. 1931ರಲ್ಲಿ ಕೊಪ್ಪಳದಲ್ಲಿ ದೊರೆತ ಗವಿಮಠ, ಪಾಲ್ಕಿಗುಂಡುಗಳ ಶಾಸನಗಳೂ ಹೇಳುವುದಿಲ್ಲ. ಆದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿನ ಕಡೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ 1892ರಲ್ಲಿ ಬಿ. ಎಲ್. ರೈಸ್ ಸಾಹೇಬರು ಕಂಡುಹಿಡಿದ ಅಶೋಕಶಾಸನಗಳ ಕೊನೆಯಲ್ಲಿ, ಇದನ್ನು ಬರೆದವನು ಚಪಡನೆಂದಿದೆ. ಅಷ್ಟೇ ಆಗಿದ್ದರೆ ನಾವು ಓದಿ ಮುಂದೆ ಹೋಗುತ್ತಿದ್ದೆವು. ಶಾಸನವೆಲ್ಲವೂ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ನಡೆದಿದ್ದರೂ, ಚಪಡನು ತನ್ನ ಕಸುಬನ್ನು ಹೇಳುವ ‘ಲಿಪಿಕರೇಣ’ ಎಂಬ ಒಂದೇ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ನಡೆಯುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ಗಾಂಧಾರದ ಕಡೆಯ ಲಿಪಿ. ಶಾಹಬಾಜ್‌ಗಢಿ, ಮಾನ್ಸೆಹ್ರಾಗಳಲ್ಲಿ ಅಶೋಕನ ಶಾಸನಗಳೇ ಆ ಲಿಪಿಯಲ್ಲಿವೆ. ಮೊಳಕಾಲ್ಮೂರಿನ ಗುಡ್ಡಗಾಡಿನಲ್ಲಿ ಅದನ್ನು ಓದಬಲ್ಲವರು ಒಬ್ಬರಾದರೂ ಇದ್ದರೆಂದು ನಂಬುವುದು ಕಷ್ಟ. ಹಾಗಾದರೆ ಯಾರಿಗಾಗಿ ಬರೆದನು? ಅರಸನ ಮಾತನ್ನು ಅರಸನ ಲಿಪಿಯಲ್ಲಿ ಬರೆದುಕೊಟ್ಟು, ತನ್ನ ಕಸುಬಿನ ಹೆಸರನ್ನು ತಾನು ಕಲಿತ ಇನ್ನೊಂದು ಲಿಪಿಯಲ್ಲಿ ಇಟ್ಟನು. ತನ್ನ ಕೈಚಳಕವನ್ನು ತೋರಿಸುವ ಒಂದು ಸಣ್ಣ ಹೆಮ್ಮೆ ಅದರಲ್ಲಿದೆಯೆಂದು ನನ್ನ ಎಣಿಕೆ. ವಿದ್ವಾಂಸರು ಬೇರೆ ರೀತಿಯಾಗಿ ಹೇಳಿದರೆ ನಾನು ವಾದಕ್ಕೆ ನಿಲ್ಲುವವನಲ್ಲ.

ಕೆಲಸ ಮಾಡಿಸಿದವರು ತಪ್ಪನ್ನು ಮಾಡಿದವನ ತಲೆಗೆ ಕಟ್ಟುವ ಪದ್ಧತಿಯೂ ಅಷ್ಟೇ ಹಳೆಯದು. ಅಶೋಕನ ಹದಿನಾಲ್ಕನೆಯ ಶಿಲಾಶಾಸನದಲ್ಲಿ, ಕೆಲವೆಡೆ ಬರೆವಣಿಗೆಯು ಅಸಮಗ್ರವಾಗಿರುವುದಕ್ಕೆ ಸ್ಥಳದ ಕಾರಣವಿರಬಹುದು, ಬೇರೆ ಉದ್ದೇಶವಿರಬಹುದು, ಇಲ್ಲವೇ ಲಿಪಿಕಾರನ ಅಪರಾಧವಿರಬಹುದು ಎಂಬ ಅಭಿಪ್ರಾಯದ ಮಾತಿದೆ. 1986ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೇವಿಯ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನಲ್ಲಿ ದೊರೆತ ಶಾಸನಗಳಲ್ಲಿ ಈ ಹದಿನಾಲ್ಕನೆಯದೂ ಒಂದು. ಲಿಪಿಕಾರರು ತಪ್ಪುತ್ತಿದ್ದುದೂ ನಿಜವೇ. ಕರ್ನೂಲು ಜಿಲ್ಲೆಯ ಯರ್ರಗುಡಿಯ ಬಂಡೆಯ ಮೇಲೆ ಕೆಲವು ಸಾಲುಗಳು ಎಡದಿಂದ ಬಲಕ್ಕೂ ಕೆಲವು ಬಲದಿಂದ ಎಡಕ್ಕೂ, ಹೊಲದಲ್ಲಿ ಎತ್ತು ಸಾಲು ಹೊಡೆದಂತೆ, ಹೋಗಿ ಬಂದಿವೆ. ಅದು ಪ್ರಮಾದವೋ ಪ್ರಯೋಗವೋ ಹೇಳಲಾಗದು. ನನ್ನ ವಿದ್ಯಾರ್ಥಿಯು ಇದನ್ನು ಕೇಳಿ ಬಹಳ ನಕ್ಕನು. ಅವನಿಗೂ ಅಂಥ ಗಿರಾಕಿಗಳ ಪರಿಚಯವಿದೆ.

ಇನ್ನು ಸಲಕರಣೆಗಳ ವಿಚಾರ. ಕಲ್ಲಿನ ಮೇಲೆ ಬರೆಯುವುದು ಒಬ್ಬನ ಕೆಲಸವಲ್ಲ. ಶಾಸನದ ಪಾಠವನ್ನು ಕವಿಯೋ ಕರಣಿಕನೋ ರಚಿಸಬೇಕು. ಬರೆಯುವವನು ಅದನ್ನು ಹದಗೊಳಿಸಿದ ಕಲ್ಲಿನ ಮೇಲೆ ಸಾಲು ಹಿಡಿದು ಬಣ್ಣದಿಂದಲೋ ಬಳಪದಿಂದಲೋ ಬರೆಯಬೇಕು. ಆಮೇಲೆ ರೂವಾರಿಯು ಉಳಿ ಸುತ್ತಿಗೆಗಳಿಂದ ಆ ಗೆರೆಯನ್ನೇ ಅನುಸರಿಸಿ ಕಡೆಯಬೇಕು. ನಮ್ಮ ಶಾಸನಗಳು ಅನೇಕ ವೇಳೆ ರಚಿಸಿದವನು ಇಂಥವನು, ಬರೆದವನು ಇಂಥವನು, ಕಂಡರಿಸಿದವನು ಇಂಥವನು ಎಂದು ಬೇರೆ ಬೇರೆಯಾಗಿ ಹೇಳಿ ಮುಗಿಯುವುದು ಇದರಿಂದಲೇ. ಒಂದೇ ಕೈ ಎಲ್ಲವನ್ನೂ ಮಾಡಿದ ಅಪವಾದಗಳೂ ಉಂಟು: ತಾಳಗುಂದದ ಸ್ತಂಭಶಾಸನದಲ್ಲಿ ಕುಬ್ಜಕವಿಯು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದುದಾಗಿ ಹೇಳಿಕೊಂಡಿದ್ದಾನೆ.

ಚಿತ್ರಕಾರರಿಗೆ ಬೇಕಾದ ಸಾಮಗ್ರಿಯ ಗ್ರಂಥವೇ ಒಂದು ನಮ್ಮ ಸೀಮೆಯನ್ನಾಳಿದ ಅರಸನಿಂದ ಬಂದಿದೆಯೆಂಬುದು ಬಹುಜನಕ್ಕೆ ತಿಳಿಯದು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು (1126–1138) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೇ ಅದು, ‘ಅಭಿಲಷಿತಾರ್ಥಚಿಂತಾಮಣಿ’ಯೆಂಬುದು ಅದರ ಇನ್ನೊಂದು ಹೆಸರು. ನಾನು ಪಾಠಶಾಲೆಯಲ್ಲಿದ್ದಾಗ ಕಾವ್ಯ ವ್ಯಾಕರಣಗಳ ಮುಂದೆ ಇದನ್ನು ಯಾರೂ ಲೆಕ್ಕಕ್ಕಿಡುತ್ತಿರಲಿಲ್ಲ. ಆನೆ ಕುದುರೆ ಅಡುಗೆ ಆಟಗಳ ನಡುವೆ ಚಿತ್ರವಿದ್ಯೆಗೆ ಅದರಲ್ಲಿ ಒಂದು ಪ್ರಕರಣವಿದೆ. ಗೋಡೆಗೆ ಬಳಿಯುವ ಮತ್ತು ಬಣ್ಣ ಹಿಡಿಸುವ ವಜ್ರಲೇಪವನ್ನು ಎಮ್ಮೆಯ ತೊಗಲನ್ನು ಕುದಿಸಿ ಮಾಡುವ ಬಗೆ. ಕಾಡಿಗೆಯನ್ನು ಅನ್ನದ ಗಂಜಿಯೊಡನೆ ಅರೆದು ಮೊದಲ ಗೆರೆ ಎಳೆಯುವ ವರ್ತಿಕೆಯನ್ನು ಹೊಸೆಯುವ ಬಗೆ. ಕರುವಿನ ಕಿವಿಯ ಕೂದಲಿನಿಂದ ಕುಂಚ ಕಟ್ಟುವ ಬಗೆ. ದಪ್ಪ, ನಡುತರ, ಸಣ್ಣ ಎಂದು ಕುಂಚದ ಮೂರು ಅಳತೆಗಳು. ಬಿಳುಪಿಗೆ ಶಂಖ, ಹಳದಿಗೆ ಹರಿದಾಳ, ಕಪ್ಪಿಗೆ ಕಾಡಿಗೆ — ಹೀಗೆ ಎಲ್ಲವೂ ಅಡುಗೆಯ ಪಾಕದಂತೆ ಖಚಿತವಾಗಿದೆ. ಇವುಗಳಲ್ಲಿ ಬಹುಪಾಲು ಒಕ್ಕಲಿಗನ ಮನೆಯಲ್ಲಿಯೇ ದೊರೆಯುವ ಪದಾರ್ಥಗಳೆಂಬುದು ಗಮನಿಸತಕ್ಕದ್ದು: ಎಮ್ಮೆ, ಕರು, ಅನ್ನ, ದೀಪದ ಕಾಡಿಗೆ. ಪರದೇಶದಿಂದ ತರಿಸಬೇಕಾದ ಬೆಲೆಬಾಳುವ ಸಾಮಗ್ರಿಯಿಲ್ಲದೆ ಈ ವಿದ್ಯೆ ನಡೆಯದೆಂಬ ಭಾವನೆಯು ಆ ಚಕ್ರವರ್ತಿಗೇ ಇರಲಿಲ್ಲ.

ಶಿಲ್ಪಿಗಳು ಅರಮನೆಯ ಕಂಬಕ್ಕೆ ಕಟ್ಟಿಹಾಕಿದವರಾಗಿರಲಿಲ್ಲ. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ದೇವಾಲಯದ ವಿಗ್ರಹಗಳ ಮೇಲೆ ಬಳ್ಳಿಗಾವೆಯ ದಾಸೋಜನ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಬಳ್ಳಿಗಾವೆಯೆಲ್ಲಿ, ಬೇಲೂರೆಲ್ಲಿ! ಕೆಲಸವಿದ್ದಲ್ಲಿಗೆ ತಂದೆಮಕ್ಕಳು ಉಳಿಗಳನ್ನು ಹೊತ್ತು ನಡೆದರು. ಊರಿನ ಹೆಸರನ್ನೂ ಜೊತೆಗೆ ಹೊತ್ತರು. ಹದಿಮೂರನೆಯ ಶತಮಾನದ ಮಲ್ಲಿತಮ್ಮನು ನುಗ್ಗೇಹಳ್ಳಿಯಲ್ಲಿಯೂ ಸೋಮನಾಥಪುರದಲ್ಲಿಯೂ ದುಡಿದು, ಕೆಲವೆಡೆ ಹೆಸರನ್ನು ಮೊಟಕುಗೊಳಿಸಿ ಗುರುತು ಹಾಕಿದ್ದಾನೆ. ಅವರಿಗೂ ನಾಲ್ಕು ಶತಮಾನ ಹಿಂದೆ, ಪಟ್ಟದಕಲ್ಲಿನಲ್ಲಿ ಲೋಕಮಹಾದೇವಿಯ ದೇವಾಲಯವನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದನ್ನು ಕೊಟ್ಟುದು ಆ ಗುಡಿಯ ಶಾಸನದಲ್ಲಿಯೇ ದಾಖಲಾಗಿದೆ. ಅರಸರು ಬಿರುದನ್ನು ಕೊಡುವಾಗ ಬರಿಯ ಬಾಯಿಮಾತಿನಲ್ಲಿ ಮುಗಿಸದೆ ಕಲ್ಲಿನಲ್ಲಿ ಬರೆಯಿಸಿದರೆಂಬುದೇ ಇಲ್ಲಿಯ ವಿಶೇಷ.

ತಾಳೆಗರಿಯ ಮೇಲೆ ಕಂಠದಿಂದ ಕೊರೆದು ಮಸಿ ತಿಕ್ಕುವ ಕ್ರಮವನ್ನು ಹಿರಿಯರು ನೋಡಿದ್ದಾರೆ. ಗರಿಯ ಎಳೆಯುದ್ದಕ್ಕೂ ನೇರ ಗೆರೆ ಎಳೆದರೆ ಅದು ಸೀಳುವುದರಿಂದ ಕನ್ನಡ ಅಕ್ಷರಗಳು ದುಂಡಗಾದುವೆಂಬ ವಾಡಿಕೆಯ ಮಾತನ್ನು ನಾನೂ ತರಗತಿಯಲ್ಲಿ ಹೇಳಿದ್ದುಂಟು. ಈಗ ಅಷ್ಟು ಧೈರ್ಯವಿಲ್ಲ. ಕಲ್ಲಿಗೆ ಸೀಳುವ ಭಯವಿಲ್ಲದಿದ್ದರೂ ಚಾಲುಕ್ಯರ ಕಾಲದ ಶಿಲಾಕ್ಷರಗಳು ಮುತ್ತು ಪೋಣಿಸಿದಂತೆ ದುಂಡಗಿವೆ. ಬರೆಯುವವನ ಕಣ್ಣಿನ ರುಚಿಯೂ ಒಂದು ಕಾರಣವೇ. ಅಶೋಕನ ಬ್ರಾಹ್ಮಿಯಲ್ಲಿ ಕಕಾರವು ಬರಿಯ ಕೂಡಿಸುವ ಗುರುತು, ಠಕಾರವು ಬರಿಯ ವೃತ್ತ. ನಮ್ಮ ‘ಕ’ದಲ್ಲಿ ಆ ಅಡ್ಡಗೆರೆಯೂ ‘ಠ’ದಲ್ಲಿ ಆ ವೃತ್ತವೂ ಇಂದಿಗೂ ಉಳಿದಿರುವುದನ್ನು ಮಕ್ಕಳಿಗೆ ತೋರಿಸಿದರೆ ಕೂಡಲೆ ಹಿಡಿಯುತ್ತಾರೆ. ಶಾನುಭೋಗರೂ ವ್ಯಾಪಾರಿಗಳೂ ಬಳಸುತ್ತಿದ್ದ ಕಡತವನ್ನು ಇಲ್ಲಿ ಮರೆಯಬಾರದು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಚಿ, ಬಳಪದಿಂದ ಬರೆಯುವುದು, ತಪ್ಪಾದರೆ ಒರೆಸುವುದು. ಗಣಕಯಂತ್ರದಲ್ಲಿ ಅಳಿಸಿ ಬರೆಯುವ ಸೌಕರ್ಯವನ್ನು ಹೊಗಳುವವರಿಗೆ ಕಡತವನ್ನು ತೋರಿಸಬೇಕು.

ಅಚ್ಚಿನ ಕಾಲವನ್ನು ಬೇಗನೆ ದಾಟೋಣ. 1817ರಲ್ಲಿ ಸೆರಾಂಪುರದಿಂದ ಕೇರಿ ಪಾದ್ರಿಗಳ ಕನ್ನಡ ವ್ಯಾಕರಣವು ಹೊರಟಿತು. 1843ರ ಜುಲೈಯಲ್ಲಿ ಹೆರ್ಮನ್ ಮೋಗ್ಲಿಂಗರು ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನದು; ಅಂದರೆ ಕನ್ನಡದ ಮೊದಲ ಪತ್ರಿಕೆಯಲ್ಲಿಯೂ ಒಬ್ಬ ಬರೆಹಗಾರನ ಕೈಬರೆಹವೇ ಕಲ್ಲಿನ ಮೂಲಕ ಮನೆಮನೆಗೆ ಹೋಯಿತು. ಮರುವರ್ಷ ಪತ್ರಿಕೆಯು ಬಳ್ಳಾರಿಗೆ ಹೋಗಿ ಅಚ್ಚಿನ ಮೊಳೆಗಳನ್ನು ಕಂಡಿತು. ನಮ್ಮ ರಾಯಚೂರು ಸೀಮೆಯಾದರೋ 1948ರ ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಬರೆಹವು ಉರ್ದುವಿನಲ್ಲಿ ನಡೆಯುತ್ತಿತ್ತು. ಕಾತಿಬರೆಂಬ ಲಿಪಿಕಾರರು ಬಿದಿರಿನ ಕಲಮಿನಿಂದ ಬರೆದ ಸುಂದರವಾದ ಉರ್ದು ಹಾಳೆಗಳು ಕಲ್ಲಚ್ಚಿನಲ್ಲಿ ಮೂಡುತ್ತಿದ್ದುವು. ಕನ್ನಡಕ್ಕೆ ಆ ಕಾಲದಲ್ಲಿ ಇಲ್ಲಿ ಅಂಥ ಆಶ್ರಯವಿರಲಿಲ್ಲ. ಅದರ ಕೊರಗು ನಮ್ಮ ಹಿರಿಯರಿಗಿದ್ದುದು ಸಹಜ. ಆದರೆ ಕಾತಿಬನ ಕೈಯನ್ನು ಅದಕ್ಕಾಗಿ ಹಳಿಯುವುದು ನ್ಯಾಯವಲ್ಲ. ಅವನೂ ಚಪಡನ ಕುಲದವನೇ.

ಆಮೇಲೆ ಬಂದವರು ಬೋರ್ಡು ಬರೆಯುವ ಪೇಂಟರರು. ಸುಣ್ಣ ಹಚ್ಚಿದ ದಾರವನ್ನು ಸೆಳೆದು ಗೆರೆ ಹೊಡೆದು, ಚಪ್ಪಟೆ ಕುಂಚವನ್ನು ಬಣ್ಣದಲ್ಲದ್ದಿ, ಎಡಗೈಯ ಕೋಲಿನ ಮೇಲೆ ಬಲಗೈಯನ್ನೂರಿ, ಲಾರಿಯ ಹಣೆಯ ಮೇಲೆಯೂ ಗಿರಣಿಯ ಗೋಡೆಯ ಮೇಲೆಯೂ ಅವರು ಬರೆದ ಅಕ್ಷರಗಳನ್ನು ನೋಡುತ್ತಲೇ ನಮ್ಮ ಮಕ್ಕಳು ಓದಲು ಕಲಿತರು. ಮೂಲೆಯಲ್ಲಿ ‘ಇಂಥ ಆರ್ಟ್ಸ್’ ಎಂದು ಹೆಸರು ಹಾಕುವ ಹಕ್ಕೂ ಅವರಿಗಿತ್ತು. ಫ್ಲೆಕ್ಸು ಬಂದು ಆ ಕಸುಬನ್ನು ಕೆಲವೇ ವರ್ಷಗಳಲ್ಲಿ ಮೂಲೆಗೊತ್ತಿತು. 2016ರಲ್ಲಿ ರಾಜ್ಯಸರಕಾರವು ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿತು; ಕುಂಚ ಹಿಡಿದವರು ಅಷ್ಟರಲ್ಲಿ ಬೇರೆ ಬೇರೆ ಕೂಲಿಗೆ ಹೋಗಿದ್ದರು.

ಗಣಕಯಂತ್ರದ ಮುಂದೆ ಕುಳಿತವನಿಗೆ ಇಂದು ಸಲಕರಣೆಯ ಬಡತನವಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆಯಿತು, ಕೆ. ಪಿ. ರಾಯರ ಕೀಲಿಮಣೆಯ ವಿನ್ಯಾಸವು ‘ನುಡಿ’ಯ ಮೂಲಕ ಎಲ್ಲರ ಬೆರಳಿಗೂ ಬಂದಿತು, ಮುಂಬಯಿಯ ಆರ್. ಕೆ. ಜೋಶಿಯವರು ‘ತುಂಗಾ’ ಅಕ್ಷರಗಳನ್ನು ರೂಪಿಸಿದರು. ‘ಬಾಲೂ ತಮ್ಮ’, ‘ಅನೇಕ್’, ‘ನೋಟೊ’ ಮೊದಲಾದ ಕನ್ನಡ ಅಕ್ಷರಮಾಲೆಗಳನ್ನು ಕಾಸು ಕೊಡದೆ, ಕಾನೂನಿಗೆ ವಿರೋಧವಿಲ್ಲದಂತೆ, ಯಾರು ಬೇಕಾದರೂ ಬಳಸಬಹುದು. ರೇಖೆ ಎಳೆಯುವುದಕ್ಕೆ ‘ಇಂಕ್‌ಸ್ಕೇಪ್’ ಎಂಬ ಧರ್ಮಾರ್ಥದ ತಂತ್ರಾಂಶವೂ ಇದೆ. ಇವೆಲ್ಲವನ್ನೂ ನನ್ನ ವಿದ್ಯಾರ್ಥಿಯೇ ನನಗೆ ಕಲಿಸಿದನು. ಆದರೆ ಸಲಕರಣೆ ಧರ್ಮಾರ್ಥವಾದುದರಿಂದ ಕೈಯೂ ಧರ್ಮಾರ್ಥವೆಂದು ಗಿರಾಕಿಗಳು ತಿಳಿದಂತಿದೆ. ಎಮ್ಮೆಯ ತೊಗಲೂ ಅನ್ನದ ಗಂಜಿಯೂ ಅಗ್ಗವೆಂದು ಸೋಮೇಶ್ವರನ ಚಿತ್ರಕಾರನನ್ನು ಯಾರಾದರೂ ಬರಿಗೈಯಲ್ಲಿ ಕಳುಹಿಸುತ್ತಿದ್ದರೇ? ಹಿಂದಿನವರ ಮಾದರಿಯಾದರೂ ದೂರವಿಲ್ಲ. 1112ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ಇಟಗಿಯ ದೇವಾಲಯವು ನೆರೆಯ ಕೊಪ್ಪಳ ಜಿಲ್ಲೆಯಲ್ಲಿದೆ. ಅಲ್ಲಿಯ ಬಳ್ಳಿಯ ಸುರುಳಿಗಳನ್ನು ಬಿಟ್ಟು ಅಂತರ್ಜಾಲದಲ್ಲಿ ವಿಲಾಯತಿ ಹೂವನ್ನು ಹುಡುಕುವುದೇಕೆಂದು ಅವನನ್ನು ಗದರಿದ್ದೇನೆ.

ಕಳೆದ ಚಳಿಗಾಲದಲ್ಲಿ ಇಬ್ಬರೂ ಮಸ್ಕಿಗೆ ಹೋಗಿದ್ದೆವು. ಬಂಡೆಯ ಮೈ ಅಲ್ಲಲ್ಲಿ ಚಕ್ಕೆಯೆದ್ದು ಅಕ್ಷರಗಳು ನಷ್ಟವಾಗಿವೆ. ಎಂಟು ಸಾಲುಗಳನ್ನು ಹುಡುಕಿ ಹುಡುಕಿ ಓದಬೇಕು. ಆತನು ಕಲ್ಲನ್ನು ಮುಟ್ಟದೆ, ದೂರ ಕುಳಿತು, ಅರಸನ ಹೆಸರಿನ ಅಕ್ಷರಗಳನ್ನು ಹಾಳೆಯ ಮೇಲೆ ಬರೆದುಕೊಂಡನು. ಬಹಳ ಹೊತ್ತು ತೆಗೆದುಕೊಂಡನು. ಚಪಡನ ವಿಷಯವನ್ನು ನಾನು ಅಲ್ಲಿಯೇ ಹೇಳಿದೆನು. ಅದಾದ ಎರಡು ತಿಂಗಳಿಗೆ ಒಂದು ಗಿರಣಿಯ ಹೊಸ ಚೀಲವು ಪೇಟೆಗೆ ಬಂದಿತು. ವಿಳಾಸದ ಕೊನೆಯ ಸಾಲಿನ ಕೆಳಗೆ ತನ್ನ ಹೆಸರಿನ ಮೊದಲ ಅಕ್ಷರವನ್ನು ಅಕ್ಕಿಕಾಳಿನಷ್ಟು ಚಿಕ್ಕದಾಗಿ ಇಟ್ಟಿರುವುದಾಗಿಯೂ ಯಜಮಾನರು ಇನ್ನೂ ನೋಡಿಲ್ಲವೆಂದೂ ಹೇಳಿದನು. ಕಿರಾಣಿ ಅಂಗಡಿಯಲ್ಲಿ ಕನ್ನಡಕವನ್ನು ಏರಿಸಿಕೊಂಡು ಹುಡುಕಿದೆನು. ಇದೆ, ಬ್ರಾಹ್ಮಿಯಲ್ಲಿದೆ.