1856ರ ಧಾರವಾಡ: ಶಾಲೆಯ ಬಾಗಿಲಲ್ಲಿ ನಿಂತ ಒಬ್ಬ ಹುಡುಗ

ನಮ್ಮೂರ ಸರ್ಕಾರಿ ಶಾಲೆ ಹೇಗಿದೆ ಅಂತ ಯಾರನ್ನಾದರೂ ಕೇಳಿ. ಉತ್ತರ ಸಾಮಾನ್ಯವಾಗಿ ಎರಡೇ ಬಗೆ. ಒಂದು, ಮಕ್ಕಳಿಗೆ ಓದೋಕೆ ಬರೆಯೋಕೆ ಬರುತ್ತಾ ಇಲ್ವಾ ಅನ್ನೋದು. ಇನ್ನೊಂದು, ಅಲ್ಲಿಗೆ ಯಾರ ಮಕ್ಕಳು ಹೋಗ್ತಾರೆ ಅನ್ನೋದು. ಎರಡನೆಯದನ್ನು ಜನ ಸ್ವಲ್ಪ ದನಿ ತಗ್ಗಿಸಿ ಹೇಳುತ್ತಾರೆ. ಈ ಎರಡೂ ಮಾತುಗಳ ಬೇರು ಹುಡುಕುತ್ತಾ ಹೋದರೆ ನಾವು ಧಾರವಾಡಕ್ಕೆ, 1856ಕ್ಕೆ ಹೋಗಿ ನಿಲ್ಲುತ್ತೇವೆ.

ಆಗ ಧಾರವಾಡ ಮುಂಬೈ ಪ್ರಾಂತದಲ್ಲಿತ್ತು. ಎರಡು ವರ್ಷದ ಹಿಂದೆಯಷ್ಟೇ, 1854ರಲ್ಲಿ, ಈಸ್ಟ್ ಇಂಡಿಯಾ ಕಂಪನಿ ಹೊಸ ಶಿಕ್ಷಣ ನೀತಿ ಕಳಿಸಿತ್ತು. ಮೇಲಿನ ಕೆಲವರಿಗಷ್ಟೇ ಅಲ್ಲ, ಸಾಮಾನ್ಯ ಜನರಿಗೂ ಅಕ್ಷರ ಸಿಗಬೇಕು ಅಂತ ಅದರಲ್ಲಿ ಬರೆದಿತ್ತು. ಚಾರ್ಲ್ಸ್ ವುಡ್ ಹೆಸರಿನಲ್ಲಿ ಶಾಲಾ ಪುಸ್ತಕಗಳಲ್ಲಿ ನಾವೆಲ್ಲ ಓದಿದ ನೀತಿ ಅದೇ.

1856ರ ಜೂನ್‌ನಲ್ಲಿ ಧಾರವಾಡದ ಒಬ್ಬ ಮಹಾರ್ ಹುಡುಗ ಮುಂಬೈ ಸರ್ಕಾರಕ್ಕೆ ಅರ್ಜಿ ಹಾಕಿದ. ಸರ್ಕಾರಿ ಶಾಲೆಯಲ್ಲಿ ನನ್ನನ್ನು ಸೇರಿಸಿಕೊಳ್ಳುತ್ತಿಲ್ಲ, ಶುಲ್ಕ ಕೊಡಲು ತಯಾರಿದ್ದೇನೆ ಅಂದ. ಅವನು ಕೇಳಿದ್ದು ಒಂದು ಜಾಗ, ಅಷ್ಟೇ.

ಸರ್ಕಾರದ ಉತ್ತರ ಜುಲೈನಲ್ಲಿ ಬಂತು. ಅದನ್ನು ನಿಧಾನವಾಗಿ ಓದಬೇಕು. ನ್ಯಾಯ ಅರ್ಜಿದಾರನ ಕಡೆಗೇ ಇದೆ ಅಂತ ಸರ್ಕಾರ ಒಪ್ಪಿಕೊಂಡಿತು. ಆದರೆ ಎಷ್ಟೋ ಕಾಲದ ಪೂರ್ವಗ್ರಹಕ್ಕೆ ಒಬ್ಬನಿಗಾಗಿ ದಿಢೀರನೆ ಕೈ ಹಾಕಿದರೆ ಶಿಕ್ಷಣದ ಕೆಲಸಕ್ಕೇ ಪೆಟ್ಟು ಬೀಳುತ್ತದೆ, ಈ ಕಷ್ಟ ನಾವು ಹುಟ್ಟುಹಾಕಿದ್ದಲ್ಲ ಅಂದಿತು. ಇವನೊಬ್ಬ ಒಳಗೆ ಬಂದರೆ ಉಳಿದವರು ಹೊರಗೆ ಹೋಗುತ್ತಾರೆ ಎಂಬ ಭಯ ಅದಕ್ಕೆ. ಶಾಲೆ ಚೆನ್ನಾಗಿ ನಡೆಯಲಿ ಅಂತ ಹುಡುಗನನ್ನು ಹೊರಗಿಟ್ಟರು.

ಕಡತ ಕಲ್ಕತ್ತಾಗೆ ಹೋಯಿತು. 1857ರ ಜನವರಿಯಲ್ಲಿ ಅಲ್ಲಿಂದ ಬಂದ ಉತ್ತರ ಎರಡು ದೋಣಿಯ ಮೇಲೆ ಕಾಲಿಟ್ಟಂತಿತ್ತು. ಮುಂಬೈ ಸರ್ಕಾರ ಜಾಣತನದಿಂದಲೇ ನಡೆದುಕೊಂಡಿರಬಹುದು, ಆದರೆ ಬಂಗಾಳದ ಯಾವ ಸರ್ಕಾರಿ ಶಾಲೆಯಲ್ಲೂ ಈ ಹುಡುಗನನ್ನು ಬೇಡ ಅನ್ನುತ್ತಿರಲಿಲ್ಲ ಅಂತ ಬರೆದರು.

ಕೊನೆಯ ಮಾತು 1858ರ ಏಪ್ರಿಲ್‌ನಲ್ಲಿ ಲಂಡನ್‌ನಿಂದ, ಕಂಪನಿಯ ನಿರ್ದೇಶಕರಿಂದ ಬಂತು. ಸರ್ಕಾರಿ ಶಾಲೆ ಎಲ್ಲ ವರ್ಗಕ್ಕೂ ತೆರೆದಿರಬೇಕು. ಇದರಿಂದ ಕೆಲವು ಮಕ್ಕಳು ಶಾಲೆ ಬಿಟ್ಟರೂ ಬಿಡಲಿ. ಒಪ್ಪದವರು ತಮ್ಮ ದುಡ್ಡಿನಲ್ಲಿ ತಮ್ಮವರಿಗಷ್ಟೇ ಬೇರೆ ಶಾಲೆ ಕಟ್ಟಿಕೊಳ್ಳಬಹುದು. ಈ ಕೊನೆಯ ಸಾಲನ್ನು ನೆನಪಿಡಿ, ಮತ್ತೆ ಬರುತ್ತದೆ.

ನಿಯಮ ಬಂತು, ಮಕ್ಕಳು ಬರಲಿಲ್ಲ

ಕಾಗದದ ಮೇಲೆ ಬಾಗಿಲು ತೆರೆಯಿತು. ಆದರೆ 1881-82ರ ಲೆಕ್ಕ ನೋಡಿದರೆ, ಇಡೀ ಮುಂಬೈ ಪ್ರಾಂತದ ಪ್ರಾಥಮಿಕ ಶಾಲೆಗಳಲ್ಲಿ ಕೆಳಜಾತಿ ಅಂತ ಬರೆಸಿದ್ದ ಹಿಂದೂ ಮಕ್ಕಳು ನೂರಕ್ಕೆ ಒಬ್ಬರೂ ಇರಲಿಲ್ಲ. ಹಂಟರ್ ಆಯೋಗ 1882ರಲ್ಲಿ ಈ ಧಾರವಾಡದ ಕಡತವನ್ನು ಮತ್ತೆ ತೆಗೆದು ನೋಡಿತು. ಜಾತಿಯ ಕಾರಣಕ್ಕೆ ಯಾರನ್ನೂ ನಿರಾಕರಿಸಬಾರದು ಎಂಬ ತತ್ವವನ್ನು ಎತ್ತಿಹಿಡಿದರೂ, ಜಾರಿ ಮಾಡುವಾಗ ಎಚ್ಚರಿಕೆ ಇರಲಿ, ಬೇಕಾದ ಕಡೆ ಪ್ರತ್ಯೇಕ ಶಾಲೆ ತೆರೆಯಿರಿ ಅಂತ ಸೇರಿಸಿತು.

ಇದೇ ಕಾಲದಲ್ಲಿ ಇನ್ನೊಂದು ಪದ್ಧತಿ ಬಂತು: ಫಲಿತಾಂಶ ನೋಡಿ ಹಣ ಕೊಡುವುದು. ಇಂಗ್ಲೆಂಡಿನಲ್ಲಿ 1862ರಲ್ಲಿ ಶುರುವಾದ ಇದು ಮುಂಬೈ ಪ್ರಾಂತದ ಅನುದಾನಿತ ಶಾಲೆಗಳಿಗೂ ಬಂತು. ಇನ್‌ಸ್ಪೆಕ್ಟರ್ ಬಂದು ಓದು, ಬರಹ, ಲೆಕ್ಕ ಪರೀಕ್ಷಿಸಬೇಕು. ಪಾಸಾದ ಮಕ್ಕಳ ಲೆಕ್ಕದ ಮೇಲೆ ಅನುದಾನ. ಇಂಥ ಪದ್ಧತಿಯಲ್ಲಿ ಮನೆಯಲ್ಲಿ ಪುಸ್ತಕವೇ ಇಲ್ಲದ, ಸುಗ್ಗಿಯಲ್ಲಿ ಹೊಲಕ್ಕೆ ಹೋಗುವ ಮಗು ಶಾಲೆಗೆ ನಷ್ಟದ ಬಾಬ್ತು. ಪಾಸಾಗುವಂಥ ಮಗುವನ್ನೇ ಆರಿಸಿಕೊಂಡರೆ ಲಾಭ. ಹಾಜರಿ ಪುಸ್ತಕದಲ್ಲಿ ಯಾರಿದ್ದಾರೆ ಅಂತ ನೋಡದೆ ಬರೀ ಫಲಿತಾಂಶ ನೋಡಿದರೆ ಆಗುವ ಮೋಸ ಇದೇ.

ಒಳಗೆ ಸೇರಿದವರ ಪಾಡೂ ಸುಲಭ ಇರಲಿಲ್ಲ. ಸಾತಾರದ ಶಾಲೆಯಲ್ಲಿ ಅಂಬೇಡ್ಕರರು ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಬೇರೆ ಕೂರಬೇಕಿತ್ತು. ಜವಾನ ನಲ್ಲಿ ತಿರುಗಿಸಿದರೆ ನೀರು, ಇಲ್ಲದಿದ್ದರೆ ಇಲ್ಲ. 1928ರಲ್ಲಿ ಸೈಮನ್ ಆಯೋಗಕ್ಕೆ ಶಿಕ್ಷಣದ ಬಗ್ಗೆ ಹೇಳಿಕೆ ಬರೆದಾಗ ಅವರು ಧಾರವಾಡದ ಆ ಹುಡುಗನ ಪ್ರಕರಣವನ್ನು ದಾಖಲೆ ಸಮೇತ ಎತ್ತಿ ಇಟ್ಟರು. ನಮ್ಮ ಕಡೆಯೂ ಜನ ಸುಮ್ಮನೆ ಕೂರಲಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು.

ಈಗ ಯಾರು ಉಳಿದಿದ್ದಾರೆ

ಒಂದೂವರೆ ಶತಮಾನ ದಾಟಿತು. 2001ರಲ್ಲಿ ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಗಳು ಬಂದವು, 2002ರಲ್ಲಿ ಉತ್ತರದ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯಿತು, 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾಯಿತು. ಅಂದು ಬಾಗಿಲಲ್ಲಿ ನಿಂತ ಹುಡುಗನ ಮೊಮ್ಮಕ್ಕಳು, ಮರಿಮಕ್ಕಳ ವಾರಿಗೆಯವರು ಇಂದು ಸರ್ಕಾರಿ ಶಾಲೆಯ ಒಳಗಿದ್ದಾರೆ. ಹೊರಗೆ ಹೋದವರು ಬೇರೆಯವರು. ಬೆಳಗ್ಗೆ ಹಳದಿ ವ್ಯಾನು ಊರಿಗೆ ಬಂದು ಶುಲ್ಕ ಕಟ್ಟಬಲ್ಲ ಮನೆಗಳ ಮಕ್ಕಳನ್ನು ಹತ್ತಿಸಿಕೊಂಡು ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಮಗ ವ್ಯಾನು ಹತ್ತುತ್ತಾನೆ, ಮಗಳು ನಡೆದು ಕನ್ನಡ ಶಾಲೆಗೆ ಬರುತ್ತಾಳೆ. ಬೇರೆ ಶಾಲೆ ಕಟ್ಟಿಕೊಳ್ಳಲಿ ಎಂಬ 1858ರ ಮಾತು ಜಾತಿಯ ಹೆಸರಿಲ್ಲದೆ, ದುಡ್ಡಿನ ರೂಪದಲ್ಲಿ ನಿಜವಾಗಿದೆ. ಎಲ್ಲ ಪೋಷಕರೂ ಜಾತಿಗಾಗಿ ಹೋಗುತ್ತಾರೆ ಅಂತಲ್ಲ; ಇಂಗ್ಲಿಷ್ ಬೇಕು, ತರಗತಿಗೊಬ್ಬ ಮೇಷ್ಟ್ರು ಬೇಕು ಅಂತ ಸಾಲ ಮಾಡಿ ಕಳಿಸುವ ಕೂಲಿ ಮಾಡುವವರೂ ಇದ್ದಾರೆ.

ಹಾಗಾಗಿ ಎರಡು ಶಾಲೆಗಳ ಫಲಿತಾಂಶ ಪಕ್ಕಪಕ್ಕ ಇಟ್ಟು ಅದು ಒಳ್ಳೇದು ಇದು ಕೆಟ್ಟದ್ದು ಅನ್ನುವುದು ಸರಿಯಾದ ತೂಕ ಅಲ್ಲ. ಒಂದು ಶಾಲೆ ಆರಿಸಿಕೊಂಡ ಮಕ್ಕಳಿಗೆ ಕಲಿಸುತ್ತದೆ, ಇನ್ನೊಂದು ಬಂದ ಎಲ್ಲರಿಗೂ.

ಆದರೆ ಇದನ್ನೇ ನೆಪ ಮಾಡಿಕೊಳ್ಳುವುದೂ ಬೇಡ. 2005ರಿಂದ ನಡೆಯುತ್ತಿರುವ ಅಸರ್ ಸಮೀಕ್ಷೆಗಳು ಐದನೇ ತರಗತಿಯ ಬಹಳಷ್ಟು ಮಕ್ಕಳು ಎರಡನೇ ತರಗತಿಯ ಪಾಠ ಓದಲಾರರು ಅಂತ ಮತ್ತೆ ಮತ್ತೆ ತೋರಿಸಿವೆ. ಬಡ ಮಕ್ಕಳು, ಇಷ್ಟೇ ಆಗೋದು ಅಂತ ಕೈಬಿಟ್ಟರೆ ಅದೂ ಬಾಗಿಲು ಮುಚ್ಚಿದಂತೆಯೇ. ಒಳಗೆ ಕೂರಿಸಿ ಮುಚ್ಚಿದ್ದು, ಅಷ್ಟೇ ವ್ಯತ್ಯಾಸ.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋದಾಗ ಎರಡು ಪುಸ್ತಕ ಕೇಳಿ: ಹಾಜರಿಯದ್ದು, ಅಂಕದ್ದು. ಎರಡನ್ನೂ ಒಟ್ಟಿಗೆ ತೆರೆಯಿರಿ. ಸುಗ್ಗಿಯ ತಿಂಗಳಲ್ಲಿ ಯಾರ ಹೆಸರಿನ ಮುಂದೆ ಗೈರು ಇದೆ, ಓದಲು ಬಾರದವರು ಯಾವ ಕೇರಿಯವರು, ಅವರಿಗೆ ಈ ವರ್ಷ ಏನು ಮಾಡಿದ್ದೀರಿ ಅಂತ ಕೇಳಿ. 1856ರಲ್ಲಿ ಆ ಹುಡುಗನ ಪರವಾಗಿ ಹೀಗೆ ಕೇಳುವ ಸಭೆ ಧಾರವಾಡದಲ್ಲಿ ಇರಲಿಲ್ಲ. ನಮ್ಮೂರುಗಳಲ್ಲಿ ಇದೆ.